ಹದಿನೇಳರ ಮಗ್ಗಿ

ತಲೆಗೆ ಹಾಕಬೇಕಾದ ಹೆಲ್ಮೆಟ್ಟನ್ನು ಮೊಣಕೈಗೆ ಹಾಕಿಕೊಂಡು ಊರೆಲ್ಲ ಸುತ್ತಿದ ಜನ ನಾವು. ಪೊಲೀಸರು ಕಂಡರೆ ತಲೆಗೆ, ಪೊಲೀಸರು ಮರೆಯಾದರೆ ಮತ್ತೆ ಮೊಣಕೈಗೆ. ಹಾಕಿಕೊಂಡವರೂ ಸುಮ್ಮನೆ ಹಾಕಿಕೊಂಡವರಲ್ಲ. ಕೆನ್ನೆಗೂ ಹೆಲ್ಮೆಟ್ಟಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ‘ಹಾಂ ಹೇಳಿ, ಇಲ್ಲೇ ಬಂದೆ, ಇನ್ನೆರಡೇ ನಿಮಿಷ’ ಎನ್ನುತ್ತ ಎರಡು ಲಾರಿಗಳ ಸಂದಿಯಲ್ಲಿ ನುಗ್ಗಿದವರು. ಹೆಂಗಸರು ಮುಖಕ್ಕೆ ವೇಲು ಸುತ್ತಿ ಅದರೊಳಗೆ ಫೋನು ಬಿಗಿದುಕೊಂಡರೆಂದರೆ ಬಿರುಗಾಳಿ ಬಂದರೂ ಅದು ಜಾರುತ್ತಿರಲಿಲ್ಲ. ಇಂಥ ಜನಕ್ಕೆ ರಸ್ತೆಯ ಕ್ಯಾಮೆರಾ ಯಾವ ಲೆಕ್ಕ? ಕ್ಯಾಮೆರಾಕ್ಕೆ ಹೆಲ್ಮೆಟ್ಟಿನ ಹೊರಮೈ ಕಾಣುತ್ತದೆಯೇ ಹೊರತು ಒಳಗಿನ ಮಾತು ಕೇಳುವುದಿಲ್ಲ. ಹಾಗಾಗಿ ಗಮನಪಟ್ಟಿ ಬಂತು.

ಗಮನಪಟ್ಟಿ ಎಂದರೆ ಹೆಲ್ಮೆಟ್ಟಿನ ಒಳಗೆ ಹೊಲಿದ ಎರಡು ಬೆರಳಗಲದ ಬೂದು ಬಟ್ಟೆ. ಅದರಲ್ಲಿರುವ ಹದಿನಾರು ಲೋಹದ ಚುಕ್ಕೆಗಳು ಹಣೆಗೂ ಕಿವಿಯ ಹಿಂದಕ್ಕೂ ತಾಗಿ ಕೂತು, ಮಿದುಳಿನಲ್ಲಿ ಹರಿಯುವ ಸಣ್ಣ ವಿದ್ಯುತ್ತಿನ ಏರಿಳಿತವನ್ನು ಓದುತ್ತವೆ. ನೀವು ಏನು ಯೋಚಿಸುತ್ತಿದ್ದೀರಿ ಎಂಬುದು ಅದಕ್ಕೆ ತಿಳಿಯದು, ಬೇಕಾಗಿಯೂ ಇಲ್ಲ. ರಸ್ತೆ ನೋಡುವ ಮನಸ್ಸಿನ ಅಲೆ ಒಂದು ಬಗೆ. ಯಾರದೋ ಮಾತು ಕೇಳಿ ಉತ್ತರ ಹುಡುಕುವ ಮನಸ್ಸಿನ ಅಲೆ ಇನ್ನೊಂದು ಬಗೆ. ಚಿಂತೆಯಲ್ಲಿ ಎಲ್ಲೋ ಕಳೆದುಹೋದ ಮನಸ್ಸಿನದು ಮೂರನೆಯದು. ಮೊದಲನೆಯದು ಇರುವಷ್ಟು ಹೊತ್ತು ಹ್ಯಾಂಡಲಿನ ಮೇಲೆ ಹಸಿರು ದೀಪ ಉರಿಯುತ್ತದೆ, ಸ್ಕೂಟರ್ ಓಡುತ್ತದೆ. ಉಳಿದೆರಡರಲ್ಲಿ ಯಾವುದೇ ಆಗಲಿ ಆರು ಸೆಕೆಂಡು ದಾಟಿತೋ, ಮೋಟಾರು ತಾನಾಗಿಯೇ ಸೊರಗಿ ಗಾಡಿ ನಿಂತುಬಿಡುತ್ತದೆ.

ಮೊದಲ ವರ್ಷ ನಮ್ಮವರು ಏನು ಮಾಡಿದರು ಗೊತ್ತೇ? ಸರ್ಕಾರ ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರಿದರು. ಹಿಂದೆ ಕೂತ ಅಜ್ಜಿಯ ತಲೆಗೆ ಹೆಲ್ಮೆಟ್ ಹಾಕಿದರು. ಅಜ್ಜಿ ಕಣ್ಣು ಮುಚ್ಚಿ ಜಪ ಮಾಡುತ್ತ ಕೂತರೆ ಹಸಿರು ದೀಪಕ್ಕೆ ಏನೂ ಅಡ್ಡಿಯಿಲ್ಲ. ಮುಂದೆ ಮೊಮ್ಮಗ ಫೋನಿನಲ್ಲಿ ಜಗಳವಾಡುತ್ತ ಗಾಡಿ ಓಡಿಸುತ್ತಿದ್ದ. ಅದಕ್ಕೇ ಎರಡನೆಯ ವರ್ಷ ನಿಯಮ ಬಿಗಿಯಾಯಿತು. ಹ್ಯಾಂಡಲ್ ಹಿಡಿದ ಕೈಯ ನಾಡಿಯೂ ಹೆಲ್ಮೆಟ್ಟಿನೊಳಗಿನ ನಾಡಿಯೂ ಒಂದೇ ಆಗಿರಬೇಕು. ಗಲ್ಲದ ಕೆಳಗಿನ ಬಕಲ್ಲು ಒಮ್ಮೆ ಟಕ್ಕೆಂದು ಕೂತರೆ, ಮನಸ್ಸು ಶಾಂತವಾಗಿದೆಯೆಂದು ಪಟ್ಟಿ ಒಪ್ಪುವ ತನಕ ಬಿಚ್ಚದು. ಚಿಂತೆಯಿಂದ ಗಾಡಿ ನಿಂತರೆ ಮೂರು ನಿಮಿಷ ಎಡೆಬಿಡದೆ ಶಾಂತವಾಗಿರಬೇಕು. ಫೋನಿನಿಂದ ನಿಂತರೆ ನಲವತ್ತು ನಿಮಿಷ ಗಾಡಿಯೂ ಅಲುಗದು, ಬಕಲ್ಲೂ ಅಲುಗದು. ಆಮೇಲೆ ಆ ಮೂರು ನಿಮಿಷ ಬೇರೆ. ಅಪಘಾತದ ಏಟು ಬಿದ್ದರೆ ಮಾತ್ರ ಅದು ತಾನೇ ಬಿಚ್ಚಿಕೊಳ್ಳುತ್ತದೆ. ಬೆಲ್ಟಿನೊಳಗೆ ಉಕ್ಕಿನ ತಂತಿ. ಕತ್ತರಿಸಿದವನ ಲೈಸೆನ್ಸು ಜನ್ಮಕ್ಕೆಲ್ಲ ರದ್ದು.

ತುಮಕೂರಿನ ಬಟವಾಡಿಯಲ್ಲಿ ಮುಚ್ಚಿಹೋದ ಒಂದು ಕಾರ್ಖಾನೆಯ ಕಟ್ಟಡದಲ್ಲಿ ಸವಾರ ಗಮನ ಕೇಂದ್ರ ಇತ್ತು. ಇಂದುಮತಿ ಅಲ್ಲಿನ ಪರಿಶೀಲಕಿ. ನಲವತ್ತೊಂದು ವರ್ಷ, ಮೊದಲು ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಮಕ್ಕಳಿಲ್ಲದೆ ಶಾಲೆ ಮುಚ್ಚಿದಾಗ ಇಲ್ಲಿಗೆ ಸೇರಿದಳು. ನಿಂತ ಗಾಡಿಗಳ ಅಲೆಗಳು ಅವಳ ಪರದೆಗೆ ಬರುತ್ತಿದ್ದವು; ಇದು ಫೋನು, ಇದು ಚಿಂತೆ, ಇದು ಯಂತ್ರದ ತಪ್ಪು ಎಂದು ವಿಂಗಡಿಸುವುದು ಅವಳ ಕೆಲಸ. ಮೂವತ್ತು ಮಕ್ಕಳಲ್ಲಿ ಯಾವನು ಕಿಟಕಿಯಾಚೆ ನೋಡುತ್ತಿದ್ದಾನೆಂದು ಬೋರ್ಡಿನ ಕಡೆ ಮುಖ ಮಾಡಿಯೇ ಹೇಳುತ್ತಿದ್ದವಳಿಗೆ ಇದು ಕಷ್ಟದ ಕೆಲಸವಾಗಲಿಲ್ಲ. ಹೆಲ್ಮೆಟ್ಟಿನೊಳಗೆ ‘ಸವಾರರೇ, ಮನಸ್ಸು ರಸ್ತೆಯ ಮೇಲಿರಲಿ’ ಎಂದು ಹೇಳುವ ದನಿಯೂ ಅವಳದೇ. ಉಚ್ಚಾರ ಸ್ಪಷ್ಟವಾಗಿದೆಯೆಂದು ಕೇಂದ್ರದವರು ಅವಳಿಂದಲೇ ಹೇಳಿಸಿ ಇಟ್ಟುಕೊಂಡಿದ್ದರು. ‘ಮನೇಲೂ ಇವಳದೇ, ತಲೆ ಮೇಲೂ ಇವಳದೇ’ ಎಂದು ಅವಳ ಗಂಡ ಓಂಕಾರ ಕಂಡಕಂಡವರ ಹತ್ತಿರ ಹೇಳಿಕೊಂಡು ನಗುತ್ತಿದ್ದ.

ಓಂಕಾರ ನೀರಿನ ಫಿಲ್ಟರ್ ರಿಪೇರಿಯವನು. ದಿನಕ್ಕೆ ಹನ್ನೆರಡು ಮನೆ ಮುಟ್ಟಬೇಕು. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಆ ಇನ್ನೊಂದು ಮನೆಯವರು ನಾಲ್ಕು ಸಲ ಫೋನು ಮಾಡಿ ಎಲ್ಲಿದ್ದೀರಿ ಎಂದು ಕೇಳಿರುತ್ತಿದ್ದರು. ಎತ್ತದಿದ್ದರೆ ಬೇರೆಯವನನ್ನು ಕರೆಸಿಬಿಡುತ್ತಿದ್ದರು. ಪಟ್ಟಿ ಬರುವುದಕ್ಕೂ ಮೊದಲು ಒಂದು ದಿನ ಶಿರಾಗೇಟಿನ ಹತ್ತಿರ ಅವನು ಫೋನಿನಲ್ಲಿ ಮಾತಾಡುತ್ತಲೇ ಡಿವೈಡರಿಗೆ ಗುದ್ದಿ ಬಿದ್ದು ಮೂರು ತಿಂಗಳು ಮಲಗಿದ್ದ. ಆ ಫೋನು ಮಾಡಿದ್ದು ಇಂದುಮತಿಯೇ. ಗ್ಯಾಸ್ ಬುಕ್ ಮಾಡಿದಿರಾ ಎಂದು ಕೇಳುವುದಕ್ಕೆ. ಮೂಳೆ ಕೂಡಿತು, ಗಾಯ ಮಾಯಿತು, ಆದರೆ ಆ ಕರೆ ಅವಳ ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಉಳಿಯಿತು. ಕೇಂದ್ರದ ಕೆಲಸವನ್ನು ಅವಳು ಅಷ್ಟು ಶ್ರದ್ಧೆಯಿಂದ ಮಾಡುತ್ತಿದ್ದುದು ಆ ಕಾರಣಕ್ಕೇ.

ಮೂರನೆಯ ವರ್ಷದ ಆಷಾಢದಲ್ಲಿ ಕೇಂದ್ರದವರು ಆದರ್ಶ ಸವಾರರ ಪಟ್ಟಿ ಮಾಡಿದರು. ಎರಡು ತಿಂಗಳಲ್ಲಿ ಒಮ್ಮೆಯೂ ಗಾಡಿ ನಿಲ್ಲದವರಿಗೆ ಶಾಲು, ಪ್ರಶಸ್ತಿಪತ್ರ. ಇಂದುಮತಿ ಹೆಸರುಗಳನ್ನು ನೋಡುತ್ತಾ ಹೋದವಳು ಹದಿನಾಲ್ಕನೆಯ ಸಾಲಿನಲ್ಲಿ ಗಕ್ಕನೆ ನಿಂತಳು. ಓಂಕಾರ, ನೀರಿನ ಫಿಲ್ಟರ್, ಹನುಮಂತಪುರ. ಅವಳಿಗೆ ನಗು ಬಂತು, ಹಿಂದೆಯೇ ಭಯವೂ ಬಂತು. ಮೊಸರನ್ನಕ್ಕೆ ಉಪ್ಪು ಹಾಕಿಕೊಂಡೆನೋ ಇಲ್ಲವೋ ಎಂಬುದು ನೆನಪಿರದ ಗಂಡಸು, ಎರಡು ತಿಂಗಳು ಸತತವಾಗಿ ರಸ್ತೆಯ ಮೇಲೆ ಮನಸ್ಸಿಟ್ಟಿದ್ದಾನೆಂದರೆ ನಂಬುವ ಮಾತೇ?

ಅವನ ಅಲೆಗಳನ್ನು ತೆಗೆದು ನೋಡಿದಳು. ನೂಲು ಹಿಡಿದ ಹಾಗೆ ಒಂದೇ ಸಮ. ರಸ್ತೆ ನೋಡುವ ಮನಸ್ಸು ಅಷ್ಟು ಸಮವಾಗಿರುವುದಿಲ್ಲ. ಹಳ್ಳ ಕಂಡರೆ, ನಾಯಿ ಅಡ್ಡ ಬಂದರೆ ಸಣ್ಣಗೆ ಬೆಚ್ಚುತ್ತದೆ. ಇವನದು ಬೆಚ್ಚಿಯೇ ಇರಲಿಲ್ಲ. ಹಿಂದಿನ ದಿನ ಹನ್ನೊಂದೂಕಾಲಿಗೆ ಅವನು ಎಲ್ಲಿದ್ದನೆಂದು ನೋಡಿ, ಆ ವೃತ್ತದ ಕ್ಯಾಮೆರಾದ ಚಿತ್ರವನ್ನು ಪಕ್ಕಕ್ಕಿಟ್ಟುಕೊಂಡಳು. ಕೆಂಪು ದೀಪ ಬಿದ್ದು ನಾಲ್ಕು ಸೆಕೆಂಡಾಗಿತ್ತು. ಸೊಪ್ಪಿನ ಬುಟ್ಟಿ ಹೊತ್ತ ಒಬ್ಬ ಹೆಂಗಸು ರಸ್ತೆ ದಾಟುತ್ತಿದ್ದಳು. ಓಂಕಾರ ವೇಗ ತಗ್ಗಿಸದೆ ಅವಳ ಮುಂದೆಯೇ ಹಾದುಹೋದ. ಆಕೆ ಹಿಂದಕ್ಕೆ ಹಾರಿ ಬುಟ್ಟಿ ಸಮೇತ ಕೂತುಬಿಟ್ಟಳು. ಅವನ ಅಲೆಯಲ್ಲಿ ಒಂದು ಎಳೆ ಅಲುಗಲಿಲ್ಲ, ಹಸಿರು ದೀಪವೂ ಆರಲಿಲ್ಲ. ಇಂದುಮತಿ ಆ ಚಿತ್ರವನ್ನು ತನ್ನ ಫೋನಿಗೆ ಇಳಿಸಿಕೊಂಡಳು.

ಅಂದು ಸಂಜೆ ಕೇಳಿದರೆ ಅವನು ಮುಚ್ಚಿಡಲಿಲ್ಲ, ಹೆಮ್ಮೆಯಿಂದಲೇ ಹೇಳಿದ. ಮಗಳು ಪ್ರಣತಿ ನಾಲ್ಕನೆಯ ಕ್ಲಾಸು. ಅವಳನ್ನು ಶಾಲೆಗೆ ಬಿಡುವಾಗ ಹಿಂದೆ ಕೂತು ಹದಿನೇಳರ ಮಗ್ಗಿ ಬಾಯಿಪಾಠ ಮಾಡುತ್ತಿದ್ದಳಂತೆ. ಇವನೂ ಜೊತೆಗೆ ಹೇಳುತ್ತಿದ್ದನಂತೆ. ನಡುವೆ ಗಿರಾಕಿಯ ಫೋನು ಬಂತು. ಮಗ್ಗಿ ಬಿಡದೆಯೇ ಕೇಳಿಸಿಕೊಂಡು, ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ‘ಬಂದೆ’ ಎಂದನಂತೆ. ಗಾಡಿ ನಿಲ್ಲಲೇ ಇಲ್ಲ. ಮಾರನೆಯ ದಿನ ಬೇಕೆಂದೇ ಮಾಡಿ ನೋಡಿದ, ಆಗಲೂ ನಿಲ್ಲಲಿಲ್ಲ. ಟೀ ಅಂಗಡಿಯಲ್ಲಿ ನಾಲ್ಕು ಜನಕ್ಕೆ ಹೇಳಿಕೊಟ್ಟ, ಆ ನಾಲ್ವರು ನಲವತ್ತು ಜನಕ್ಕೆ. ಬೆಳಿಗ್ಗೆ ಸಿಗ್ನಲ್ಲಿನಲ್ಲಿ ಕಿವಿಗೊಟ್ಟರೆ ‘ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ನಾಲ್ಕು’ ಎಂಬ ಗೊಣಗು ಎಲ್ಲ ಹೆಲ್ಮೆಟ್ಟುಗಳಿಂದಲೂ ಕೇಳುತ್ತಿತ್ತು. ಊರಿಗೆ ಊರೇ ಮತ್ತೆ ಶಾಲೆಗೆ ಸೇರಿದ ಹಾಗಿತ್ತು. ಹತ್ತರ ಮಗ್ಗಿ ಕೆಲಸಕ್ಕೆ ಬರುವುದಿಲ್ಲವಂತೆ, ತೀರಾ ಸಲೀಸು. ಹತ್ತೊಂಬತ್ತರದು ಕಷ್ಟ, ನಡುವೆ ಎಡವುತ್ತೆ. ಹದಿನೇಳರದೇ ಹದವಾದದ್ದೆಂದು ಅವನು ವಿವರಿಸಿದ.

ಇಂದುಮತಿ ಸೊಪ್ಪಿನ ಹೆಂಗಸಿನ ಚಿತ್ರ ತೋರಿಸಿದಳು. ಅವನು ಎರಡೆರಡು ಸಲ ನೋಡಿ, ಇವಳನ್ನು ನಾನು ಕಂಡೇ ಇಲ್ಲವಲ್ಲ ಎಂದ. ಅದು ಸುಳ್ಳಲ್ಲ.

"ಅದೇ ರೀ ನಾನು ಹೇಳ್ತಿರೋದು. ನಿಮ್ಗೆ ಕಾಣಿಸ್ಲೇ ಇಲ್ಲ."

ಅವನು ಫೋನನ್ನು ಅವಳ ಕಡೆಗೇ ಸರಿಸಿದ. ಆಮೇಲೆ, ಬಿಟ್ಟುಬಿಡುತ್ತೇನೆ ಎಂದ. ಪ್ರಣತಿಯ ತಲೆ ಮುಟ್ಟಿ ಹೇಳಿದ. ಎರಡು ದಿನ ಅವನ ಗಾಡಿ ಹತ್ತು ಹತ್ತು ಸಲ ನಿಂತಿತು. ಹನ್ನೆರಡು ಮನೆಯ ಜಾಗದಲ್ಲಿ ಐದು ಮನೆಯಾಯಿತು. ನಲವತ್ತು ನಿಮಿಷ ಬಿಸಿಲಿನಲ್ಲಿ ಹೆಲ್ಮೆಟ್ಟಿನೊಳಗೆ ಬೆಂದು ಮನೆಗೆ ಬಂದವನು ಹೆಂಡತಿಯ ಮೇಲೂ ರೇಗಲಿಲ್ಲ, ಯಾರ ಮೇಲೂ ರೇಗಲಿಲ್ಲ, ಗೋಡೆ ನೋಡುತ್ತ ಕೂತ. ಮೂರನೆಯ ದಿನ ಅವನ ಅಲೆ ಮತ್ತೆ ನೂಲು ಹಿಡಿದ ಹಾಗಿತ್ತು.

ಅತ್ತ ದರಿ, ಇತ್ತ ಪುಲಿ. ಹೇಳದಿದ್ದರೆ ಇವನು ಒಂದಲ್ಲ ಒಂದು ದಿನ ಯಾರನ್ನಾದರೂ ಕೊಲ್ಲುತ್ತಾನೆ, ಇಲ್ಲವೇ ತಾನೇ ಸಾಯುತ್ತಾನೆ. ಹೇಳಿದರೆ ಅವನ ದುಡಿಮೆ ಹೋಗುತ್ತದೆ, ಅವನ ಜೊತೆಗೆ ಊರಿನ ಸಾವಿರಾರು ಜನರದೂ ಹೋಗುತ್ತದೆ. ಇಂದುಮತಿ ಒಂದು ವಾರ ಅನ್ನ ಸರಿಯಾಗಿ ತಿನ್ನಲಿಲ್ಲ. ಕೊನೆಗೆ ಸೊಪ್ಪಿನ ಹೆಂಗಸು ಹಿಂದಕ್ಕೆ ಹಾರಿದ ಚಿತ್ರವೇ ಗೆದ್ದಿತು. ಬದುಕಿದ್ದರೆ ಬೇರೆ ಕೆಲಸ ಹುಡುಕಬಹುದು ಎಂದುಕೊಂಡು ಅವಳು ಡಾ. ಶ್ರೀವತ್ಸರ ಕೋಣೆಯ ಬಾಗಿಲು ತಟ್ಟಿದಳು.

ಗಮನಪಟ್ಟಿಯನ್ನು ರೂಪಿಸಿದವರಲ್ಲಿ ಶ್ರೀವತ್ಸರೂ ಒಬ್ಬರು. ಕೆಟ್ಟವರೇನಲ್ಲ, ರಸ್ತೆಯಲ್ಲಿ ಸತ್ತವರ ಸಂಖ್ಯೆ ಕಡಿಮೆಯಾದ ದಿನ ಎಲ್ಲರಿಗೂ ಮೈಸೂರುಪಾಕು ಹಂಚುತ್ತಿದ್ದವರು. ಅವಳು ಹೇಳಿದ್ದನ್ನು ಕೇಳಿ ಬೈಯಲಿಲ್ಲ, ಮಗುವಿನ ಹಾಗೆ ಖುಷಿಪಟ್ಟರು. ಬೋರ್ಡಿನ ಮೇಲೆ ಗೆರೆ ಎಳೆದು ವಿವರಿಸಿದರು. ಬಾಯಿಪಾಠಕ್ಕೆ ಯೋಚನೆ ಬೇಕಿಲ್ಲ, ಅದು ಒಂದೇ ತಾಳದಲ್ಲಿ ತಾನಾಗಿ ಉರುಳುತ್ತದೆ. ಆ ತಾಳ ರಸ್ತೆ ನೋಡುವ ಮನಸ್ಸಿನ ತಾಳಕ್ಕೆ ಹತ್ತಿರ, ಆದರೆ ಅದಕ್ಕಿಂತ ಜೋರು. ಮದುವೆ ಮನೆಯ ವಾಲಗದಲ್ಲಿ ಪಿಸುಮಾತು ಮುಚ್ಚಿಹೋಗುವ ಹಾಗೆ, ಅದರಡಿಯಲ್ಲಿ ಫೋನಿನ ಮಾತೂ ಚಿಂತೆಯೂ ಮುಚ್ಚಿಹೋಗುತ್ತವೆ. ಅಂದರೆ ನಾವು ಇಷ್ಟು ದಿನ ಅತ್ಯಂತ ಗೈರುಗಮನದವರಿಗೆ ಶಾಲು ಹೊದಿಸಲು ಹೊರಟಿದ್ದೆವು ಎಂದು ಅವರು ನಕ್ಕರು.

ಬಾಯಿಪಾಠವನ್ನು ಗುರುತಿಸಲು ಪಟ್ಟಿಗೆ ಕಲಿಸಬೇಕಿತ್ತು. ಕಲಿಸಲು ಮುನ್ನೂರು ಮಾದರಿ ಬೇಕಿತ್ತು. ಆ ಮುನ್ನೂರನ್ನು ಆರಿಸಿಕೊಟ್ಟವಳು ಇಂದುಮತಿಯೇ. ಮೇಜಿನ ಪಕ್ಕದ ಗೆಳತಿ ತಸ್ನೀಮ್ ಇದೇನೆಂದು ಕೇಳಿದರೆ, ಏನೋ ಸಂಶೋಧನೆ ಎಂದಳು. ಶ್ರೀವತ್ಸರ ಹತ್ತಿರ ಎರಡೇ ಬೇಡಿಕೆ ಇಟ್ಟಳು. ಯಾರ ಹೆಸರೂ ಹೊರಬರಬಾರದು. ಜಾರಿ ಮಾಡುವ ಮುನ್ನ ಜನರಿಗೆ ಒಂದು ವಾರ ಮೊದಲೇ ತಿಳಿಸಬೇಕು. ಅವರು ಎರಡಕ್ಕೂ ತಲೆಯಾಡಿಸಿದರು.

ಸೋಮವಾರ ಸಂಜೆ ನಾಲ್ಕಕ್ಕೆ ಅವಳನ್ನು ಕರೆದು, ನಾಳೆ ಬೆಳಿಗ್ಗೆ ಹತ್ತಕ್ಕೆ ಹೊಸ ಸೂಚನೆ ಎಲ್ಲ ಹೆಲ್ಮೆಟ್ಟುಗಳಿಗೂ ಹೋಗುತ್ತದೆ ಎಂದರು. ಬಾಯಿಪಾಠಕ್ಕೂ ಫೋನಿನಷ್ಟೇ ಶಿಕ್ಷೆ, ನಲವತ್ತು ನಿಮಿಷ. ಸಾವಿರಾರು ಗಾಡಿಗಳನ್ನು ಮನುಷ್ಯರು ನೋಡುತ್ತ ಕೂರಲು ಆಗದ್ದರಿಂದ ಎಲ್ಲವೂ ಯಂತ್ರದ ತೀರ್ಮಾನ. ಒಂದು ವಾರದ ಮಾತು ಏನಾಯಿತೆಂದು ಅವಳು ಕೇಳಿದಳು.

"ಮೊದಲೇ ಹೇಳಿದ್ರೆ ಇನ್ನೊಂದು ದಾರಿ ಕಂಡ್ಕೋತಾರೆ, ಇಂದುಮತಿಯವ್ರೇ. ನಮ್ಮ ಜನ ನಿಮಗೆ ಗೊತ್ತಲ್ಲ" ಎಂದರು. ಹೊರಗೆ ಯಾರಿಗೂ ತಿಳಿಸುವುದಿಲ್ಲವೆಂದು ಬರೆದ ಕಾಗದಕ್ಕೆ ಅವಳಿಂದ ಸಹಿ ಹಾಕಿಸಿಕೊಂಡರು.

ಮನೆಗೆ ಬಂದಾಗ ಓಂಕಾರ ಅಡುಗೆಮನೆಯಲ್ಲಿ ಪಕ್ಕದ ಮನೆಯವರ ಫಿಲ್ಟರ್ ಬಿಚ್ಚಿಕೊಂಡು ಕೂತಿದ್ದ. ಇಂದುಮತಿ ಹೇಳಿಬಿಡಬೇಕೆಂದು ಹೋದಳು. ನಾಳೆಯಿಂದ ಮಗ್ಗಿ ನಡೆಯದು ಎಂದರೆ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾನೆ. ಹೇಗೆ ಗೊತ್ತು ಎಂದರೆ, ಅವರಿಗೆ ಯಾರು ಹೇಳಿದರು ಎಂದು ಕೇಳುತ್ತಾನೆ. ಅವಳು ತಿರುಗಿ ಒಲೆ ಹಚ್ಚಿದಳು. ನಿಂತರೆ ನಿಲ್ಲಲಿ, ನಲವತ್ತು ನಿಮಿಷ ಕೂತು ಬರುತ್ತಾನೆ, ಪ್ರಾಣ ಹೋಗುವುದಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಬೆಳಿಗ್ಗೆ ಊಟದ ಡಬ್ಬಿ ಕೈಗಿಡುವಾಗ ಮತ್ತೊಮ್ಮೆ ನಾಲಿಗೆಯ ತುದಿಗೆ ಬಂತು. ದಿನಾ ಹೇಳುವ ಮಾತೇ ಹೊರಬಿತ್ತು, ಹುಷಾರಾಗಿ ಹೋಗಿ ಎಂದಳು. ಅವನೂ ದಿನಾ ಹೇಳುವ ಹಾಗೆ, ಆಯ್ತು ಮೇಡಂ ಎಂದು ಹೊರಟ.

ಹತ್ತು ಗಂಟೆಗೆ ಕೇಂದ್ರದ ಗೋಡೆಯ ಮೇಲಿನ ಊರಿನ ನಕ್ಷೆಯಲ್ಲಿ ಹಸಿರು ಚುಕ್ಕೆಗಳು ಹರಿದಾಡುತ್ತಿದ್ದವು. ಹತ್ತೂ ಎರಡಕ್ಕೆ ಒಂದು ಕೆಂಪಾಯಿತು, ಪಕ್ಕದಲ್ಲೇ ಇನ್ನೊಂದು. ಆಮೇಲೆ ಬಿ.ಎಚ್. ರಸ್ತೆಯುದ್ದಕ್ಕೂ ದಡಾರ ಎದ್ದ ಹಾಗೆ ಕೆಂಪು ಎದ್ದಿತು. ಹತ್ತು ನಿಮಿಷದಲ್ಲಿ ನಾಲ್ಕು ಸಾವಿರದ ಇನ್ನೂರು ಗಾಡಿ. ಕೋಣೆಯಲ್ಲಿ ಚಪ್ಪಾಳೆ ಬಿತ್ತು. ಇಂದುಮತಿ ಚಪ್ಪಾಳೆ ತಟ್ಟಲಿಲ್ಲ. ಅವಳು ಓಂಕಾರನ ಚುಕ್ಕೆ ಹುಡುಕುತ್ತಿದ್ದಳು. ಕ್ಯಾತ್ಸಂದ್ರದ ಆಚೆ, ಬೈಪಾಸಿನ ಮೇಲೆ ಅದು ಸಿಕ್ಕಿತು. ಕೆಂಪಾಗಿ ಹನ್ನೊಂದು ಸೆಕೆಂಡು ಇತ್ತು. ಆಮೇಲೆ ಬಿಳಿಯಾಯಿತು.

ಬಿಳಿ ಎಂದರೆ ಬಕಲ್ಲು ತಾನಾಗಿ ಬಿಚ್ಚಿಕೊಂಡಿದೆ ಎಂದು ಅರ್ಥ.

ಅವಳು ಕುರ್ಚಿ ಬಿಟ್ಟೇಳಲಿಲ್ಲ. ಇಪ್ಪತ್ತು ನಿಮಿಷ ಗಂಡನ ನಂಬರಿಗೆ ಫೋನು ಮಾಡುತ್ತಲೇ ಇದ್ದಳು. ಇಪ್ಪತ್ತೊಂದನೆಯ ನಿಮಿಷಕ್ಕೆ ಆ ಕಡೆಯಿಂದ ಯಾರೋ ಎತ್ತಿದರು. ದೊಡ್ಡಾಸ್ಪತ್ರೆಯಿಂದ ಮಾತಾಡುತ್ತಿದ್ದೇವೆ, ಲಾರಿ ಹಿಂದಿನಿಂದ ಗುದ್ದಿದೆ, ಎಚ್ಚರ ಇದೆ, ಕಾಲಿಗೆ ಜೋರಾಗಿ ಏಟಾಗಿದೆ, ಬೇಗ ಬನ್ನಿ ಎಂದರು. ತಸ್ನೀಮ್ ನಾನೂ ಬರುತ್ತೇನೆ ಎಂದು ಚೀಲ ಹುಡುಕುವಷ್ಟರಲ್ಲಿ ಇಂದುಮತಿ ಮೆಟ್ಟಿಲಿಳಿದು ಹೆಲ್ಮೆಟ್ ಹಾಕಿ ಸ್ಕೂಟರ್ ಹೊರಡಿಸಿಯಾಗಿತ್ತು. ದಿನವೂ ಮಾಡುವ ಕೆಲಸ. ಕೈ ತಾನಾಗಿ ಮಾಡಿತು. ಬಕಲ್ಲು ಟಕ್ಕೆಂದಾಗಲೂ, ಈ ಚಿಂತೆಯಲ್ಲಿ ಗಾಡಿ ಓಡದೆಂದು ಅವಳಿಗೆ ಹೊಳೆಯಲಿಲ್ಲ.

ಇನ್ನೂರು ಮಾರು ಹೋಗುವಷ್ಟರಲ್ಲಿ ಗಾಡಿ ಸೊರಗಿತು.

‘ಸವಾರರೇ, ಮನಸ್ಸು ರಸ್ತೆಯ ಮೇಲಿರಲಿ’ ಎಂದು ಅವಳದೇ ದನಿ ಅವಳ ಕಿವಿಯಲ್ಲಿ ಹೇಳಿತು. ‘ಮೂರು ನಿಮಿಷ ಶಾಂತವಾಗಿರಿ.’

ಶಾಂತವಾಗಲು ನೋಡಿದಳು. ಕಣ್ಣು ಮುಚ್ಚಿ ಉಸಿರೆಳೆದಳು. ಮುಚ್ಚಿದ ಕಣ್ಣಿನೊಳಗೆ ಲಾರಿ ಬಂತು. ಕಣ್ಣು ತೆರೆದು ಮುಂದಿನ ಅಂಗಡಿಯ ಬೋರ್ಡು ಓದಿದಳು, ಬೋರ್ಡಿನ ಅಕ್ಷರಗಳ ನಡುವೆ ಬಿಳಿ ಚುಕ್ಕೆ ಬಂತು. ಒಂದು ನಿಮಿಷ ತುಂಬುವ ಮೊದಲೇ ಎಣಿಕೆ ಮುರಿದು ಮತ್ತೆ ಮೊದಲಿಂದ. ಹೀಗೆ ನಾಲ್ಕು ಸಲ. ಐದನೆಯ ಸಲ ಅವಳ ಬಾಯಿ ಅವಳನ್ನು ಕೇಳದೆಯೇ ಶುರುಮಾಡಿತು. ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ನಾಲ್ಕು, ಹದಿನೇಳ್ಮೂರ್ಲ ಐವತ್ತೊಂದು. ಇದು ಕೆಲಸ ಮಾಡುವುದಿಲ್ಲವೆಂದು ಈ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಅವಳೇ. ಆದರೂ ಹೇಳಿದಳು. ಹ್ಯಾಂಡಲಿನ ಮೇಲೆ ‘ಬಾಯಿಪಾಠ ಪತ್ತೆಯಾಗಿದೆ, ನಲವತ್ತು ನಿಮಿಷ’ ಎಂದು ಮೂಡಿತು.

ತಸ್ನೀಮ್‌ಗೆ ಫೋನು ಮಾಡಿ ಬಿಡಿಸೆಂದು ಕೇಳಿದಳು. ತಸ್ನೀಮ್ ಶ್ರೀವತ್ಸರ ಹತ್ತಿರ ಓಡಿ, ವಾಪಸು ಬಂದು, ಅಳುವ ದನಿಯಲ್ಲಿ ಆಗುವುದಿಲ್ಲ ಎಂದಳು. ಯಂತ್ರದ ತೀರ್ಮಾನದ ಮೇಲೆ ಕೈಯಾಡಿಸುವ ದಾರಿಯನ್ನೇ ಅದರಲ್ಲಿ ಇಟ್ಟಿರಲಿಲ್ಲ.

ಆಟೋ ಹತ್ತೋಣವೆಂದರೆ ಆಟೋ ಎಲ್ಲಿ ಹೋಗಬೇಕು? ರಸ್ತೆಯ ತುಂಬ ಸ್ಕೂಟರುಗಳು, ಬೈಕುಗಳು, ನಿಂತಲ್ಲೇ ನಿಂತಿದ್ದವು. ಅವುಗಳ ಮೇಲೆ ಹೆಲ್ಮೆಟ್ಟಿನೊಳಗೆ ಸಿಕ್ಕ ಜನ. ಬಸ್ಸುಗಳು ಹಾರ್ನು ಹೊಡೆದು ಹೊಡೆದು ಸುಸ್ತಾಗಿದ್ದವು. ಯಾರೋ ಒಬ್ಬ ಬಕಲ್ಲು ಹಿಡಿದು ಎಳೆಯುತ್ತಿದ್ದ, ಇನ್ನೊಬ್ಬ ಹೆಲ್ಮೆಟ್ಟನ್ನು ಕಂಬಕ್ಕೆ ಮೆಲ್ಲಗೆ ಗುದ್ದಿ ನೋಡುತ್ತಿದ್ದ. ಬಹಳ ಜನ ಏನೂ ಮಾಡದೆ ಕೂತಿದ್ದರು. ಇಂದುಮತಿ ಗಾಡಿಗೆ ಸ್ಟ್ಯಾಂಡ್ ಹಾಕಿ ಇಳಿದಳು. ಸೀರೆಯ ನೆರಿಗೆಯನ್ನು ಕೈಯಲ್ಲಿ ಎತ್ತಿ ಹಿಡಿದಳು. ತಲೆಯ ಮೇಲೆ ಹೆಲ್ಮೆಟ್ ಹೊತ್ತೇ ಓಡಿದಳು.

ಆಸ್ಪತ್ರೆ ಎರಡು ಮೈಲಿಗೆ ಕಡಿಮೆಯಿರಲಿಲ್ಲ. ಓಡಿ ಅಭ್ಯಾಸವಿಲ್ಲದ ಮೈ. ಟೌನ್ ಹಾಲ್ ಇನ್ನೂ ದೂರ ಇರುವಾಗಲೇ ಎದೆ ಹಿಡಿಯಿತು. ನಡೆದಳು, ಮತ್ತೆ ಓಡಿದಳು. ಉಸಿರು ಒಳಗೇ ಸುತ್ತಿ, ಬಕಲ್ಲು ಬಿಚ್ಚುವ ತನಕ ಏಳದ ಕಪ್ಪು ಗಾಜಿಗೆ ಮಂಜು ಕವಿದು, ಹಣೆಯ ಬೆವರು ಕಣ್ಣಿಗಿಳಿಯಿತು. ನಿಮಿಷಕ್ಕೊಮ್ಮೆ ಅವಳ ದನಿ ಅವಳಿಗೆ ಬುದ್ಧಿ ಹೇಳುತ್ತಲೇ ಇತ್ತು. ದಾರಿಯಲ್ಲಿ ಬೈಕಿನ ಮೇಲೆ ಕೂತಿದ್ದ ಮುದುಕರೊಬ್ಬರು, ಎಲ್ಲಿಗೆ ತಾಯಿ ಎಂದರು. ಆಸ್ಪತ್ರೆಗೆ ಎಂದಳು. ಹೋಗು ಹೋಗು, ಯಾವ ಪಾಪಿ ಹೇಳಿಕೊಟ್ಟನೋ ಇದನ್ನ ಅವರಿಗೆ, ಅವನ ಮನೆ ಹಾಳಾಗ ಎಂದು ಅವರು ಶಾಪ ಹಾಕಿದರು. ಅವಳು ನಿಲ್ಲಲಿಲ್ಲ.

ಓಂಕಾರನನ್ನು ತುರ್ತು ವಾರ್ಡಿನ ಮೂಲೆಯ ಹಾಸಿಗೆಯಲ್ಲಿ ಮಲಗಿಸಿದ್ದರು. ಮುಖ ತರಚಿತ್ತು. ಬಲಗಾಲಿಗೆ ಸೊಂಟದ ತನಕ ಪಟ್ಟಿ ಕಟ್ಟಿ, ಅದರ ಮೇಲೂ ರಕ್ತ ಒಸರಿತ್ತು. ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು, ಕಾಲು ಉಳಿಯುವುದೋ ತೆಗೆಯಬೇಕೋ ಥಿಯೇಟರಿಗೆ ಹೋದ ಮೇಲೆಯೇ ಗೊತ್ತಾಗುವುದು, ಒಪ್ಪಿಗೆಗೆ ಸಹಿ ಹಾಕಿ ಎಂದರು. ಹೆಲ್ಮೆಟ್ ತೆಗೆಯಮ್ಮ ಎಂದು ನರ್ಸು ಹೇಳಿದಳು. ಬರುವುದಿಲ್ಲ ಎಂದು ಇಂದುಮತಿ ಹಾಗೆಯೇ ಬಗ್ಗಿ ಸಹಿ ಹಾಕಿದಳು.

ಓಂಕಾರ ಅವಳನ್ನು ಸೀರೆಯಿಂದ ಗುರುತು ಹಿಡಿದ. ಮೆಲ್ಲಗೆ, ತಡೆದು ತಡೆದು ಹೇಳಿದ. ಬೈಪಾಸಿನ ನಡುಮಧ್ಯೆ ಇದ್ದೆ. ಅಂತರಸನಹಳ್ಳಿಯ ಗಿರಾಕಿ ಫೋನಿನಲ್ಲಿ ಇದ್ದರು. ಗಾಡಿ ಸೊರಗಿದ್ದು ಗೊತ್ತೇ ಆಗಲಿಲ್ಲ, ಮಗ್ಗಿ ಹೇಳುತ್ತಲೇ ಇದ್ದೆ. ಲಾರಿಯವನು ಹಾರ್ನು ಹೊಡೆದನಂತೆ, ನನಗೆ ಕೇಳಲಿಲ್ಲ. ಲಾರಿಯವನಿಗೇನು, ಅವನ ತಲೆಗೆ ಪಟ್ಟಿಯೂ ಇಲ್ಲ ಪಾಡೂ ಇಲ್ಲ. ಇಷ್ಟು ಹೇಳಿ ಕಣ್ಣು ಮುಚ್ಚಿದ.

"ಯಾರೋ ಹೇಳ್ಬಿಟ್ಟವ್ರೆ ಕಣೇ. ನಿಂಗೇನಾದ್ರೂ ಗೊತ್ತಾ?"

ಸುಳ್ಳು ಹೇಳಲು ಅವಳಿಗೆ ಒಳ್ಳೆಯ ಅವಕಾಶವಿತ್ತು. ಮುಖ ಅವನಿಗೆ ಕಾಣುತ್ತಿರಲಿಲ್ಲ.

"ನಾನೇ ರೀ. ನಾನೇ ಹೇಳಿದ್ದು."

ಅವನು ಕಣ್ಣು ತೆರೆದ. ಪಕ್ಕದ ಹಾಸಿಗೆಯಲ್ಲಿ ಯಾರೋ ನರಳುತ್ತಿದ್ದರು. ಅವಳ ಹೆಲ್ಮೆಟ್ಟಿನ ಕಡೆ ತಿರುಗಿ ಕೇಳಿದ.

"ಇವತ್ತಿಂದ ನಿಲ್ಸ್ತಾರೆ ಅಂತ ಗೊತ್ತಿತ್ತಾ?"

"ನಿನ್ನೆ ಸಾಯಂಕಾಲ ಗೊತ್ತಾಯ್ತು."

"ಬೆಳಿಗ್ಗೆ ಡಬ್ಬಿ ಕೊಟ್ಯಲ್ಲ, ಆಗ?"

"ಆಗ್ಲೂ ಗೊತ್ತಿತ್ತು."

"ಹೇಳ್ಬೇಕಿತ್ತು ಕಣೇ" ಎಂದ ಓಂಕಾರ. ಕೋಪದಲ್ಲಿ ಹೇಳಲಿಲ್ಲ. ಕೋಪದಲ್ಲಿ ಹೇಳಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. "ನೀನು ಹೇಳಿದ್ರೆ ನಾನು ಹಂಗೆ ಹೋಗ್ತಿರ್ಲಿಲ್ಲ."

ಆಮೇಲೆ, ಅದನ್ನು ತೆಗೆ, ಮುಖ ನೋಡಬೇಕು ಎಂದ. ಬರುತ್ತಿಲ್ಲ ಎಂದಳು. ಅವನು ಚೆನ್ನಾಗಿದ್ದ ಕೈ ಎತ್ತಿ ಅವಳ ಗಲ್ಲದ ಕೆಳಗಿನ ಬಕಲ್ಲು ಹುಡುಕಿದ. ಒತ್ತಿದ. ಹೆಬ್ಬೆರಳು ಬೆಳ್ಳಗಾಗುವ ತನಕ ಒತ್ತಿದ. ಅವಳು ಅಲುಗದೆ ಬಗ್ಗಿ ನಿಂತಿದ್ದಳು. ಅಷ್ಟರಲ್ಲಿ ವಾರ್ಡಿನವರು ಸ್ಟ್ರೆಚರ್ ತಂದರು. ಅವನ ಕೈ ಬಿಡಿಸಿ, ಅವನನ್ನು ಎತ್ತಿ ಮಲಗಿಸಿಕೊಂಡು ಹೋದರು.

ಥಿಯೇಟರಿನ ಹೊರಗೆ ಉದ್ದನೆಯ ಬೆಂಚು. ಅವಳು ಕೂತಳು. ಪ್ರಣತಿಯನ್ನು ಶಾಲೆಯಿಂದ ನಾನೇ ಕರೆದುಕೊಂಡು ಬರುತ್ತೇನೆ ಎಂದು ತಸ್ನೀಮ್ ಫೋನಿನಲ್ಲಿ ಹೇಳಿದಳು. ಶ್ರೀವತ್ಸರ ಸಂದೇಶವೂ ಬಂದಿತ್ತು. ನಗರದೊಳಗೆ ಈ ಬೆಳಗಿನಿಂದ ಒಂದೂ ಅಪಘಾತವಾಗಿಲ್ಲ, ನಿಮಗೆ ಅಭಿನಂದನೆ ಎಂದು ಬರೆದಿದ್ದರು. ಅದನ್ನು ಕಳಿಸಿದ್ದು ತಸ್ನೀಮ್ ಅವರ ಹತ್ತಿರ ಓಡುವುದಕ್ಕೂ ಮೊದಲು, ಆಗ ಅವರಿಗೆ ಓಂಕಾರನ ವಿಷಯ ತಿಳಿದಿರಲಿಲ್ಲ. ಬೈಪಾಸು ನಗರದ ಗಡಿಯ ಹೊರಗೆ.

ನಲವತ್ತು ನಿಮಿಷ ಮುಗಿಯಿತೆಂದು ಹೆಲ್ಮೆಟ್ಟಿನೊಳಗೆ ಅವಳ ದನಿ ಹೇಳಿತು. ಇನ್ನು ಮೂರೇ ನಿಮಿಷ ಮನಸ್ಸು ಶಾಂತವಾಗಿದ್ದರೆ ಸಾಕು, ಬಕಲ್ಲು ಬಿಚ್ಚಿಕೊಳ್ಳುತ್ತದೆ. ಬಾಗಿಲ ಮೇಲೆ ಕೆಂಪು ದೀಪ ಹೊತ್ತಿತ್ತು. ಅದು ನಾಲ್ಕು ಗಂಟೆ ಹೊತ್ತು ಉರಿಯಿತು. ಆ ನಾಲ್ಕು ಗಂಟೆಯಲ್ಲಿ ಇಂದುಮತಿಗೆ ಮೂರು ನಿಮಿಷ ಸಿಗಲಿಲ್ಲ.